ನಮ್ಮ ಬಿ.ಎಚ್. ರೋಡ್ ಎಲ್ಲಿಗೆ ಹೋಗುತ್ತೆ ಅಂತ ಅಮ್ಮ ಕೇಳಿದ್ರು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಬಂತು ಅಂದ್ರೆ ಸಾಕು, ಪೇಪರಲ್ಲೂ ಫೋನಲ್ಲೂ ಒಂದೇ ಥರದ ದೂರು. ಜೋಗಕ್ಕೆ ಹೋದ್ವಿ ಬರೀ ಮಂಜು, ಆಗುಂಬೆಗೆ ಹೋದ್ವಿ ಸೂರ್ಯನೇ ಕಾಣಲಿಲ್ಲ, ಮುಳ್ಳಯ್ಯನಗಿರಿ ರೋಡಲ್ಲಿ ಮೂರು ಗಂಟೆ ಜಾಮ್, ದುಡ್ಡು ದಂಡ, ರಜೆ ದಂಡ. ನಾನೂ ಹೀಗೆ ದೂರು ಹೇಳ್ಕೊಂಡು ಓಡಾಡಿದೋಳೇ. 2025ರ ಆಗಸ್ಟಲ್ಲಿ ಅಮ್ಮನ್ನ ಕರ್ಕೊಂಡು ಜೋಗಕ್ಕೆ ಹೋಗಿ ಬಂದೆ, ಬಂದ ಮೇಲೆ ಒಂದು ತಿಂಗಳಿಂದ ಮನಸ್ಸಲ್ಲಿ ಕೊರೀತಾನೇ ಇದೆ, ಅದಕ್ಕೆ ಬರೀತಿದ್ದೀನಿ. ಪತ್ರ ಉದ್ದ ಆಗುತ್ತೆ, ಕ್ಷಮಿಸಿ. ಕತ್ತರಿಸಲೇಬೇಕು ಅಂದ್ರೆ ನನ್ನ ಮಾತು ಕತ್ತರಿಸಿ, ಅಮ್ಮನ ಮಾತು ಉಳಿಸಿ.

ನಮ್ಮದು ತಿಪಟೂರು ಹತ್ರ ಒಂದು ಹಳ್ಳಿ. ಅಮ್ಮನಿಗೆ ಈಗ 67. ಮದುವೆ ಆಗಿ ಬಂದಾಗಿಂದ ತೋಟ, ಕಾಯಿ, ಕೊಬ್ಬರಿ, ಹಸು ಅಂತಾನೇ ಆಗೋಯ್ತು. ಧರ್ಮಸ್ಥಳಕ್ಕೆ ಒಂದ್ಸಲ, ತಿರುಪತಿಗೆ ಒಂದ್ಸಲ, ಮಿಕ್ಕಿದ್ದೆಲ್ಲ ನೆಂಟರ ಮದುವೆಗೆ ಸಾವಿಗೆ ಹೋಗಿದ್ದು. ಅಪ್ಪ ಹೋದ ಮೇಲೆ ಆಚೆ ಹೋಗೋದೇ ನಿಲ್ಲಿಸಿಬಿಟ್ಟಿದ್ರು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಫ್ರೀಯಾಗಿ ಓಡಾಡೋ ಶಕ್ತಿ ಯೋಜನೆ ಶುರುವಾಯ್ತಲ್ಲ, ಅದಾದ ಮೇಲೆ ಊರಿನ ಹೆಂಗಸರು ಗುಂಪು ಕಟ್ಕೊಂಡು ಹೊರಟಾಗ ಇವರೂ ಒಂದೆರಡು ಸಲ ಹೋದ್ರು, ಆಧಾರ್ ಕಾರ್ಡ್ ತೋರಿಸಿದ್ರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡ್ತಾನೆ ಅನ್ನೋದೇ ಅವರಿಗೆ ದೊಡ್ಡ ಸಂಗತಿ, ಆ ಟಿಕೆಟ್ಟುಗಳನ್ನ ಇವತ್ತಿಗೂ ಪರ್ಸಲ್ಲಿ ಮಡಚಿ ಇಟ್ಕೊಂಡಿದಾರೆ. ಆ ಯೋಜನೆ ಬಗ್ಗೆ ಪರ ವಿರೋಧ ಏನೇ ಇರಲಿ, ಕಾಸು ಕೇಳದೇ ಮನೆಯಿಂದ ಹೊರಟ ಹೆಂಗಸಿನ ಮುಖ ನಾನು ನೋಡಿದೀನಿ, ನನಗಷ್ಟು ಸಾಕು.

ಜುಲೈಲಿ ಒಂದಿನ ತಿಪಟೂರಲ್ಲಿ ಔಷಧಿ ತಗೊಂಡು ಬಸ್ಸಿಗೆ ಕಾಯ್ತಾ ನಿಂತಿದ್ವಿ. ಒಂದು ಅಂಗಡಿ ಬೋರ್ಡ್ ಮೇಲೆ ಬಿ.ಎಚ್. ರೋಡ್ ಅಂತ ಇತ್ತು. ಅಮ್ಮ ಕೇಳಿದ್ರು, "ಅಲ್ಲ ಕಣೆ, ನಾನು ಬಂದಾಗಿಂದ ಬೀಎಚ್ ರೋಡು ಬೀಎಚ್ ರೋಡು ಅಂತಾರೆ, ಹಂಗಂದ್ರೆ ಏನು?" ಬೆಂಗಳೂರು–ಹೊನ್ನಾವರ ರೋಡ್ ಅಂತ ಅಮ್ಮ ಅಂದೆ. ಹಳೇ ನ್ಯಾಷನಲ್ ಹೈವೇ 206. ತುಮಕೂರು, ತಿಪಟೂರು, ಅರಸೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಎಲ್ಲಾ ಊರಲ್ಲೂ ಒಂದು ಬಿ.ಎಚ್. ರೋಡ್ ಇರೋದು ಅದಕ್ಕೇ, ಎಲ್ಲಾ ಒಂದೇ ರೋಡು. ಜೋಗ ಕೂಡ ಅದೇ ದಾರೀಲಿ ಬರುತ್ತೆ, ಕೊನೇಗೆ ಸಮುದ್ರ ಅಂದೆ. ಅಮ್ಮ ರೋಡನ್ನೇ ನೋಡ್ತಾ ನಿಂತ್ಬಿಟ್ರು. ಆಮೇಲೆ, "ನಲವತ್ತೈದು ವರ್ಷದಿಂದ ದಾಟ್ತಾ ಇದೀನಿ, ಅಡ್ಡಡ್ಡ ದಾಟಿದ್ದೇ ಆಯ್ತು, ಉದ್ದಕ್ಕೆ ಹೋಗ್ಲೇ ಇಲ್ಲ ನೋಡು" ಅಂದ್ರು.

ಆ ಮಾತಿಗೆ ನಾನು ರಜೆ ಹಾಕಿದೆ. ನನ್ನ ಮಗ ಎಂಟನೇ ಕ್ಲಾಸು, ಅವನನ್ನೂ ಹೊರಡಿಸಿದೆ.

ಇಲ್ಲೊಂದು ವಿಷಯ ಹೇಳಬೇಕು. ನಾನು ಏಳೆಂಟು ವರ್ಷದ ಹಿಂದೆ ಆಫೀಸಿನವರ ಜೊತೆ ಟೆಂಪೋ ಟ್ರಾವೆಲರ್ ಮಾಡ್ಕೊಂಡು ಜೋಗಕ್ಕೆ ಹೋಗಿದ್ದೆ. ಬಿಸಿಲು ಚೆನ್ನಾಗಿತ್ತು, ನೀರೂ ಚೆನ್ನಾಗಿತ್ತು, ರೂಮು ಬುಕ್ ಆಗಿತ್ತು, ಎಲ್ಲಾ ಟೈಮಿಗೆ ಸರಿಯಾಗಿ ಆಯ್ತು. ಆದ್ರೆ ಈಗ ಕೂತು ನೆನೆಸ್ಕೊಂಡ್ರೆ ಏನು ನೆನಪಿದೆ ಅಂದ್ರೆ ರೂಮಲ್ಲಿ ಬಿಸಿನೀರು ಬರಲಿಲ್ಲ ಅಂತ ಜಗಳ ಆಗಿದ್ದು, ಊಟ ಲೇಟಾಯ್ತು ಅಂತ ಎಲ್ಲರೂ ಮುಖ ಊದಿಸ್ಕೊಂಡಿದ್ದು, ವಾಪಸ್ ಬರ್ತಾ ಯಾರು ಎಷ್ಟು ದುಡ್ಡು ಹಾಕಬೇಕು ಅನ್ನೋ ಲೆಕ್ಕ. ಜಲಪಾತ ಫೋಟೋದಲ್ಲಿದೆ, ನನ್ನೊಳಗೆ ಇಲ್ಲ. ದಾರಿಯುದ್ದಕ್ಕೂ ಪರದೆ ಎಳ್ಕೊಂಡು ಹಾಡು ಹಾಕ್ಕೊಂಡು ಹೋಗಿದ್ವಿ, ಎಷ್ಟೊತ್ತಿಗೆ ತಲುಪ್ತೀವಿ ಅನ್ನೋದೊಂದೇ ಮಾತು. ನಮಗೆ ಟ್ರಿಪ್ಪು ಅಂದ್ರೆ ವ್ಯೂ ಪಾಯಿಂಟಲ್ಲಿ ಶುರುವಾಗೋದು, ಅಲ್ಲೀವರ್ಗಿನ ದಾರಿ ಎಲ್ಲ ಬರೀ ತೊಂದರೆ.

ಅಮ್ಮನಿಗೆ ಟ್ರಿಪ್ಪು ನಮ್ಮ ಮನೆ ಗೇಟಿಂದ ಶುರುವಾಯ್ತು.

ಬೆಳಗ್ಗೆ ಬಸ್ಸಲ್ಲಿ ಕಿಟಕಿ ಸೀಟು ಹಿಡಿದು ಕೂತವರು ಅರಸೀಕೆರೆ, ಬಾಣಾವರ, ಕಡೂರು ಒಂದೊಂದೇ ಓದ್ಕೊಂಡು ಬಂದ್ರು. ಬಾಣಾವರದ ಹತ್ರ ತೆಂಗಿನ ಗರಿ ಒಣಗಿರೋದು ನೋಡಿ, "ಇಲ್ಲೂ ಕಪ್ಪುತಲೆ ಹುಳ ಬಂದಿದೆ ಪಾಪ, ನಮ್ಮ ಕಡೆಗಿಂತ ಜೋರಾಗಿದೆ" ಅಂದ್ರು. ಕಡೂರಲ್ಲಿ ರಾಗಿ ಹೊಲ ನೋಡಿದ್ರು, ಇನ್ನೂ ಮಳೆ ಬೇಕು ಇಲ್ಲಿಗೆ ಅಂದ್ರು. ಬೀರೂರು ದಾಟಿದ ಮೇಲೆ ಎಡಗಡೆ ಬಾಬಾಬುಡನ್‌ಗಿರಿ ಸಾಲು ಮೋಡದಲ್ಲಿ ಅರ್ಧ ಮುಚ್ಕೊಂಡು ಕಾಣುತ್ತಲ್ಲ, ಅದನ್ನ ನನ್ನ ಮಗನಿಗೆ ತೋರಿಸಿ ತೋರಿಸಿ ಸಾಕು ಮಾಡಿದ್ರು. ತರೀಕೆರೆ ಆದ್ಮೇಲೆ ಭದ್ರಾ ಚಾನೆಲ್ ನೀರು, ಗದ್ದೆ, ಅಡಿಕೆ. "ನೋಡ್ಲಾ ಮಗಾ, ತೆಂಗು ಹಿಂದೆ ಉಳೀತು, ಇಲ್ಲಿಂದ ಅಡಿಕೆ ರಾಜ್ಯ" ಅಂತ ಅಮ್ಮ ಹೇಳಿದಾಗ ನನಗೆ ಒಂಥರಾ ಆಯ್ತು, ಯಾಕಂದ್ರೆ ಇದೇ ದಾರೀಲಿ ನಾನು ಹೋಗಿದ್ದೆ, ಒಣಭೂಮಿ ಮುಗಿದು ನೀರಾವರಿ ಶುರುವಾಗೋ ಆ ಗೆರೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಭದ್ರಾವತೀಲಿ ಹಳೇ ಕಬ್ಬಿಣದ ಫ್ಯಾಕ್ಟರಿ ಬಗ್ಗೆ ಪಕ್ಕದ ಸೀಟಿನ ಅಜ್ಜ ಒಬ್ಬರು ಅರ್ಧ ಗಂಟೆ ಹೇಳಿದ್ರು, ಅಮ್ಮ ಅವರಿಗೆ ಕೊಬ್ಬರಿ ಬೆಲ್ಲ ಕೊಟ್ರು. ಕಂಡಕ್ಟರಿಗೂ ಕೊಟ್ರು. ನಮ್ಮೂರ ಕೊಬ್ಬರಿ ತಿಂದು ನೋಡಪ್ಪ ಅಂತ.

ಶಿವಮೊಗ್ಗದಲ್ಲಿ ಬಸ್ ಬದಲಾಯಿಸಿ ಸಾಗರದ ಬಸ್ ಹತ್ತಿದ್ವಿ. ಆನಂದಪುರ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಬಸ್ಸು ಕೆಟ್ಟು ನಿಂತ್ಕೊಂಡ್ತು. ಜಿಟಿಜಿಟಿ ಮಳೆ. ಬೇರೆ ಬಸ್ ಬರೋಕೆ ಒಂದು ಗಂಟೆ ಇಪ್ಪತ್ತು ನಿಮಿಷ ಆಯ್ತು, ನಾನು ವಾಚ್ ನೋಡ್ತಾನೇ ಇದ್ದೆ. ನನಗೆ ಕೋಪ, ರೂಮಿಗೆ ಫೋನ್ ಮಾಡಬೇಕು, ಕತ್ತಲಾಗುತ್ತೆ, ಮಗನಿಗೆ ಹಸಿವು. ಬಸ್ಸಲ್ಲಿ ಮುಕ್ಕಾಲು ಜನ ಡ್ರೈವರನ್ನ ಬಯ್ತಿದ್ರು, ಅವನೇನು ಮಾಡ್ತಾನೆ ಪಾಪ. ಅಮ್ಮ ಎಲ್ಲಿ ಅಂತ ತಿರುಗಿ ನೋಡಿದ್ರೆ ಇಲ್ಲ. ಇಳಿದು ನೋಡಿದ್ರೆ ರೋಡ್ ಪಕ್ಕದ ಒಂದು ಹೆಂಚಿನ ಮನೆ ಜಗಲಿ ಮೇಲೆ ಕೂತಿದಾರೆ, ಆ ಮನೆಯಾಕೆ ಸ್ಟೀಲ್ ಲೋಟದಲ್ಲಿ ಕಷಾಯ ಕೊಟ್ಟಿದಾರೆ, ಇಬ್ಬರೂ ಅಡಿಕೆ ಕೊಳೆರೋಗ ಜಾಸ್ತಿನೋ ತೆಂಗಿನ ನುಸಿ ಜಾಸ್ತಿನೋ ಅಂತ ಮಾತಾಡ್ತಿದಾರೆ. ಆ ಜಗಲಿ ಕಂಬದ ಹತ್ರ ಮಳೇಲಿ ತಲೆ ಮೇಲೆ ಹೊದ್ಕೊಳೋ ಕಂಬಳಿಕೊಪ್ಪೆ ನೇತಾಕಿದ್ರು, ಅದರಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಒಂದು ಸಣ್ಣ ಕಾಲುವೆ ಆಗಿ ಅಂಗಳಕ್ಕೆ ಹರೀತಿತ್ತು, ಒಂದು ಬೆಕ್ಕು ಅದನ್ನೇ ನೋಡ್ತಾ ಕೂತಿತ್ತು. ನನ್ನ ಮಗ ಬೆಕ್ಕಿನ ಪಕ್ಕ ಕೂತ್ಕೊಂಡ. ನಾನೂ ಕೂತೆ. ಆ ಕಷಾಯದಲ್ಲಿ ಜೀರಿಗೆ, ಕೊತ್ತಂಬರಿ ಬೀಜ, ಮೆಣಸು, ಬೆಲ್ಲ, ಹಾಲು. ಬೇರೆ ಬಸ್ ಬಂದು ಹಾರ್ನ್ ಹೊಡೆದಾಗ ಎದ್ದು ಹೋಗೋಕೆ ನನಗೇ ಮನಸ್ಸಿರಲಿಲ್ಲ.

ಆದ್ರೆ ಇದನ್ನ ಹೇಳಿದ್ ಮೇಲೆ ಇನ್ನೊಂದನ್ನೂ ಹೇಳಲೇಬೇಕು, ಇಲ್ಲಾಂದ್ರೆ ಪತ್ರ ಸುಳ್ಳಾಗುತ್ತೆ. ಅಮ್ಮ ಆ ಮನೆಗೆ ಹೋಗಿದ್ದು ಹರಟೆಗೆ ಅಲ್ಲ, ಟಾಯ್ಲೆಟ್‌ಗೆ. ಬೆಳಗ್ಗೆಯಿಂದ ಅವರು ಒಂದು ಗುಟುಕು ನೀರು ಕುಡಿದಿರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದೇ ಆಗ. ದಾರೀಲಿ ಒಂದು ಬಸ್ ಸ್ಟ್ಯಾಂಡಲ್ಲಿ ಇಳಿದು ನೋಡಿದ್ರಂತೆ, ಹೆಂಗಸರ ಕಡೆ ಬಾಗಿಲಿಗೆ ಚಿಲಕ ಇಲ್ಲ, ನಲ್ಲೀಲಿ ನೀರಿಲ್ಲ, ಹೊರಗೆ ಕೂತವನು ಕಾಸು ಮಾತ್ರ ತಪ್ಪದೆ ಕೇಳಿದ, ವಾಪಸ್ ಬಂದು ಸುಮ್ಮನೆ ಕೂತ್ಕೊಂಡಿದ್ರು. "ನೀರು ಕುಡಿದ್ರಲ್ವಾ ತೊಂದ್ರೆ, ಕುಡೀದಿದ್ರಾಯ್ತು" ಅಂತಾರೆ. ನಮ್ಮ ಊರ ಹೆಂಗಸರೆಲ್ಲ ಹೀಗೇ ಮಾಡೋದು, ಬಿಪಿ ಶುಗರ್ ಮಾತ್ರೆ ತಗೊಳೋರೂ ಹೀಗೇ. ಲಕ್ಷಗಟ್ಟಲೆ ಹೆಂಗಸರು ಬಸ್ ಹತ್ತುವ ಹಾಗೆ ಮಾಡಿದ ಮೇಲೆ ಬಸ್ ಸ್ಟ್ಯಾಂಡಲ್ಲಿ ಚಿಲಕ ಇರೋ ಬಾಗಿಲು, ನೀರು ಬರೋ ನಲ್ಲಿ ಕೊಡಬೇಕಾದ್ದು ಸರ್ಕಾರದ ಕೆಲಸ. ಮನಸ್ಸು ಚೆನ್ನಾಗಿಟ್ಕೊಳ್ಳಿ, ಪಾಸಿಟಿವ್ ಆಗಿರಿ ಅಂತ ಹೇಳೋರು ಈ ಜಾಗದಲ್ಲಿ ಆ ಮಾತು ಹೇಳಬಾರದು. ಮಳೆ, ಮಂಜು, ಕೆಟ್ಟು ನಿಂತ ಬಸ್ಸು ಇವು ಬೇರೆ. ಯಾರೋ ಮಾಡಬೇಕಾದ ಕೆಲಸ ಮಾಡದೇ ಬಿಟ್ಟಿದ್ದು ಬೇರೆ. ಮೊದಲನೇದಕ್ಕೆ ಅಮ್ಮನ ಥರ ಹೊಂದ್ಕೊಬೇಕು, ಎರಡನೇದಕ್ಕೆ ಅಮ್ಮನಂಥೋರು ಹೊಂದ್ಕೊಂಡಿರೋದೇ ನನಗೆ ಸಂಕಟ.

ಜೋಗಕ್ಕೆ ಮಾರನೇ ದಿನ ಬೆಳಗ್ಗೆ ಹೋದ್ವಿ. ಹನ್ನೊಂದು ಗಂಟೆ ಹೊತ್ತು. ಎದುರಿಗೆ ಬಿಳೀ ಗೋಡೆ. ಜೋಗದ ನಾಲ್ಕು ಧಾರೇಲಿ ರಾಜ ಇಲ್ಲ, ರೋರರ್ ಇಲ್ಲ, ರಾಕೆಟ್ ಇಲ್ಲ, ರಾಣಿ ಇಲ್ಲ, 830 ಅಡಿ ಕಂದಕ ಎಲ್ಲಿ ಶುರುವಾಗುತ್ತೆ ಅಂತಾನೂ ಗೊತ್ತಾಗ್ತಿರಲಿಲ್ಲ, ಕಂಬಿ ಆಚೆ ಏನೂ ಇಲ್ಲ. ಬರೀ ಸದ್ದು. ಮಗನ ಮುಖ ಸಣ್ಣದಾಯ್ತು. ಪಕ್ಕದಲ್ಲಿ ಒಂದು ದೊಡ್ಡ ಫ್ಯಾಮಿಲಿ, ದೂರದಿಂದ ಕಾರಲ್ಲಿ ಬಂದಿದ್ರು, ಹತ್ತು ನಿಮಿಷ ನಿಂತ್ರು, ರೀಲ್ಸಲ್ಲಿ ಎಷ್ಟು ಚೆನ್ನಾಗಿ ತೋರಿಸ್ತಾರೆ ಇಲ್ಲಿ ನೋಡಿದ್ರೆ ಏನೂ ಇಲ್ಲ, ನಡೀರಿ ಮುರುಡೇಶ್ವರ ಆದ್ರೂ ನೋಡೋಣ ಅಂತ ಹೊರಟುಹೋದ್ರು. ಅವರನ್ನ ನಾನು ತಪ್ಪು ಅನ್ನಲ್ಲ. ಎರಡು ದಿನ ರಜೆ, ಮನೆ ತುಂಬಾ ಜನ, ಪೆಟ್ರೋಲ್ ಖರ್ಚು, ಮನಸ್ಸಲ್ಲಿ ಒಂದು ಫೋಟೋ ಇಟ್ಕೊಂಡು ಬಂದಿರ್ತಾರೆ, ಆ ಫೋಟೋಗೆ ಹೊಂದಲಿಲ್ಲ ಅಂದ್ರೆ ಎದುರಿಗೆ ಇರೋದು ಕಣ್ಣಿಗೆ ಹತ್ತೋದೇ ಇಲ್ಲ. ನನಗೂ ಆ ಕ್ಷಣ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ, ಅಮ್ಮನ್ನ ಇಷ್ಟು ದೂರ ಕರ್ಕೊಂಡು ಬಂದು ಹೀಗಾಯ್ತಲ್ಲ ಅಂತ ಕಣ್ಣಲ್ಲಿ ನೀರೇ ಬಂತು.

ಅಮ್ಮ ಕೊಡೆ ಹಿಡ್ಕೊಂಡು ಕಟ್ಟೆ ಮೇಲೆ ಕೂತ್ರು. "ಕಾಣಲ್ಲ ಅಂದ್ರೆ ಇಲ್ಲ ಅಂತಾನಾ? ಕೇಳಿಸ್ತಿದೆಯಲ್ಲ. ಕಣ್ಣು ಮುಚ್ಕೊಂಡು ಕೇಳ್ಲಾ ಮಗಾ, ಎಷ್ಟು ಥರ ಕೇಳ್ತದೆ ಹೇಳು" ಅಂತ ಮೊಮ್ಮಗನಿಗೆ ಹೇಳಿದ್ರು. ಅವನು ಮೊದಲು ಒಂದೇ ಥರ ಅಂದ. ಆಮೇಲೆ ಸ್ವಲ್ಪ ಹೊತ್ತಿಗೆ, ಇಲ್ಲ ಎಡಗಡೆಯಿಂದ ದಪ್ಪ ಸದ್ದು, ಮಧ್ಯದಲ್ಲಿ ಎಲ್ಲೋ ಗುಡುಗಿದ ಹಾಗೆ, ಕೆಳಗಿಂದ ಇನ್ನೊಂದು ಬರ್ತಿದೆ ಅಜ್ಜಿ ಅಂದ. ನಾನೂ ಕಣ್ಣು ಮುಚ್ಚಿದೆ, ಹೌದು.

ಅಲ್ಲೇ ಜೋಳ ಸುಡ್ತಿದ್ದ ಒಬ್ಬಾಕೆ ಇದ್ರು, ಗಿರಾಕಿ ಇರಲಿಲ್ಲ, ಅಮ್ಮ ಮೂರು ಜೋಳ ತಗೊಂಡು ಅವರನ್ನ ಮಾತಿಗೆ ಎಳೆದ್ರು. ಅವರ ಅತ್ತೆ ಹುಟ್ಟಿದ ಊರು ಈಗ ನೀರೊಳಗಿದೆಯಂತೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಶರಾವತಿ ಹಿನ್ನೀರಲ್ಲಿ ಊರೂರೇ ಮುಳುಗಿದ್ವು, ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಡ್ಯಾಮ್ ಕೂಡ ಮುಳುಗಿ ಬೇಸಿಗೇಲಿ ನೀರು ತುಂಬಾ ಇಳಿದಾಗ ತಲೆ ತೋರಿಸುತ್ತೆ. ಹಾಗೆ ಎದ್ದು ಹೋದ ಎಷ್ಟೋ ಕುಟುಂಬಕ್ಕೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ, ಇದು ನಿಮ್ಮ ಪೇಪರಲ್ಲೇ ಎಷ್ಟೋ ಸಲ ಬಂದಿದೆ. ಆಕೆ ಹೇಳಿದ್ದನ್ನ ಕೇಳ್ತಾ ಅಮ್ಮ ಜೋಳ ತಿನ್ನೋದು ನಿಲ್ಲಿಸಿದ್ರು. ನಮ್ಮ ಹಳ್ಳೀಗೆ ಕರೆಂಟ್ ಬಂದಾಗ ಜೋಗದ ಕರೆಂಟು ಬಂತು ಅಂತ ಪೂಜೆ ಮಾಡಿದ್ವಿ ಕಣಮ್ಮ, ಮೊದಲ ದಿನ ಬಲ್ಬಿಗೆ ಅರಿಶಿನ ಕುಂಕುಮ ಇಟ್ಟಿದ್ವಿ, ಅದು ನಿಮ್ಮ ಮನೆ ಮುಳುಗಿಸಿ ಬಂದಿದ್ದು ಅಂತ ನಮಗೇನು ಗೊತ್ತು ಅಂದ್ರು. ಆಕೆ, ಬಿಡಿ ಅಮ್ಮ ಅದಕ್ಕೆ ನೀವೇನು ಮಾಡ್ತೀರಿ ಅಂತ ಇನ್ನೊಂದು ಜೋಳ ಕೊಟ್ರು, ಕಾಸು ತಗೊಳ್ಳಲಿಲ್ಲ. ಅಮ್ಮ ಚೀಲದಿಂದ ಒಂದು ಇಡೀ ಕೊಬ್ಬರಿ ಗಿಟುಕು ತೆಗೆದು ಅವರ ಕೈಗಿಟ್ರು.

ನಲವತ್ತು ನಿಮಿಷ ಆಗಿತ್ತೇನೋ, ಗಾಳಿ ಬೀಸ್ತು. ಮಂಜು ಒಂದೇ ಸಲಕ್ಕೆ ಸರೀಲಿಲ್ಲ. ಮೊದಲು ಮೇಲಿನ ಕಪ್ಪು ಬಂಡೆ ಅಂಚು ಕಾಣಿಸ್ತು, ಆಮೇಲೆ ರಾಜ ಅರ್ಧ, ಸೊಂಟದ ತನಕ ಅನ್ನೋ ಹಾಗೆ, ಆಮೇಲೆ ರಾಣಿ ಕಡೆ ಬೆಳ್ಳಗೆ ಜಾರ್ತಿರೋದು, ಕೊನೇಗೆ ನಾಲ್ಕೂ. ನಾಲ್ಕೈದು ನಿಮಿಷ ಅಷ್ಟೇ. ಅಮ್ಮ ಎದ್ದು ನಿಂತು ಕೈ ಮುಗಿದ್ರು, ಏನೂ ಮಾತಾಡಲಿಲ್ಲ. ಮತ್ತೆ ಮುಚ್ಕೊಂಡ್ತು. ಬಿಸಿಲಲ್ಲಿ ಪೂರ್ತಿ ಎರಡು ಗಂಟೆ ನೋಡಿದ ಜೋಗ ನನಗೆ ನೆನಪಿಲ್ಲ, ಈ ಐದು ನಿಮಿಷದ್ದು ಈಗಲೂ ಕಣ್ಣೆದುರಿಗೆ ಇದೆ. ಅದು ಮಂಜಿನ ಮಹಿಮೆ ಅಂತ ನಾನು ಅಂದ್ಕೊಂಡಿಲ್ಲ. ಅಮ್ಮ ಇಲ್ಲದೇ ನಾನು ಮಗ ಇಬ್ಬರೇ ಹೋಗಿದ್ರೆ ಆ ಕಾರಿನವರ ಹಿಂದೇನೇ ನಾವೂ ಹೊರಟುಬಿಡ್ತಿದ್ವಿ, ಗಾಳಿ ಬೀಸಿದ್ದು ಗೊತ್ತೇ ಆಗ್ತಿರಲಿಲ್ಲ. ಮತ್ತೆ ಗಾಳಿ ಬೀಸದೇ ಇದ್ದಿದ್ರೂ ಅಮ್ಮನಿಗೆ ಏನೂ ಕಮ್ಮಿ ಆಗ್ತಿರಲಿಲ್ಲ ಅನ್ನೋದು ನನಗೆ ಗ್ಯಾರಂಟಿ, ಸದ್ದು ಕೇಳಿದ್ರು, ಜೋಳ ಆಯ್ತು, ಒಬ್ಬಾಕೆ ಸ್ನೇಹ ಆಯ್ತು, ಅವರ ಲೆಕ್ಕದಲ್ಲಿ ದಿನ ಆಗಲೇ ತುಂಬಿತ್ತು.

ಮಾರನೇ ದಿನ ಸಿಗಂದೂರು ಚೌಡೇಶ್ವರಿ ದೇವಸ್ಥಾನ. ಸಾಗರದ ಆಚೆ ಪ್ರೈವೇಟ್ ಬಸ್ಸೇ ಜಾಸ್ತಿ, ಟಿಕೆಟ್ ತಗೊಂಡೇ ಹೋದ್ವಿ. ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆಗಿತ್ತಲ್ಲ, 2.44 ಕಿಲೋಮೀಟರ್ ಉದ್ದ, ಎರಡು ಕಡೆನೂ ಹಿನ್ನೀರು. ಮುಂಚೆ ಬಸ್ಸು ಕಾರನ್ನೂ ಹತ್ತಿಸ್ಕೊಂಡು ಹಿನ್ನೀರು ದಾಟಿಸ್ತಿದ್ದ ಲಾಂಚಲ್ಲಿ ಹೋಗೋ ಮಜಾನೇ ಬೇರೆ ಇತ್ತು, ಈಗ ಅದು ಹೋಯ್ತು ಅಂತ ನಾನು ಬಸ್ಸಲ್ಲಿ ಅಂದೆ. ಪಕ್ಕದಲ್ಲಿ ಕೂತಿದ್ದ, ಹಿನ್ನೀರಿನ ಆಚೆ ದ್ವೀಪದ ಥರ ಉಳಿದಿದ್ದ ಊರುಗಳ ಕಡೆಯ ಒಬ್ಬರು ಮೆಲ್ಲಗೆ ಹೇಳಿದ್ರು, ನಿಮಗೆ ಮಜಾ ಮೇಡಂ, ನಮಗೆ ರಾತ್ರಿ ಹೆರಿಗೆ ನೋವು ಬಂದ್ರೆ ಆಚೆ ದಡಕ್ಕೆ ಹೋಗೋದು ಹೇಗೆ ಅನ್ನೋದೇ ಚಿಂತೆ ಆಗಿತ್ತು. ನಾನು ಸುಮ್ಮನಾದೆ. ಸಂಜೆ ಆದ್ರೆ ಲಾಂಚ್ ಬಂದ್, ನೀರು ತೀರಾ ಇಳಿದ್ರೆ ವಾಹನ ಹತ್ತಿಸೋ ಹಾಗಿಲ್ಲ, ದಶಕಗಟ್ಟಲೆ ಆ ಜನ ಹಾಗೇ ಬದುಕಿದ್ರು. ಪ್ರವಾಸಿ ಆಗಿ ಹೋದೋರಿಗೆ ಕಾಯೋದು ಅನುಭವ ಆಗಬಹುದು, ಎರಡು ದಿನಕ್ಕೆ ವಾಪಸ್ ಬರ್ತೀವಲ್ಲ. ಅಲ್ಲೇ ಇರೋರಿಗೆ ಅದು ಪ್ರತಿದಿನದ ಬದುಕು. ಖುಷಿಯಾಗಿ ತಿರುಗಾಡೋದು ಹೇಗೆ ಅಂತ ಬರೆಯೋರು, ಹೇಳೋರು ಇದನ್ನ ಮರೀಬಾರದು, ನಾನೇ ಮರ್ತಿದ್ದೆ. ಅಮ್ಮ ಅವರ ಕಡೆ ತಿರುಗಿ ಎಷ್ಟು ಮಕ್ಕಳಪ್ಪ, ಈಗ ಆಸ್ಪತ್ರೆಗೆ ಎಷ್ಟೊತ್ತು ಅಂತೆಲ್ಲ ವಿಚಾರಿಸಿದ್ರು. ಸೇತುವೆ ಮಧ್ಯ ಬಂದಾಗ ಬಸ್ಸಲ್ಲಿದ್ದ ಆ ಕಡೆ ಜನ ಒಬ್ಬರಿಗೊಬ್ಬರು ನೋಡ್ಕೊಂಡು ನಗ್ತಿದ್ರು, ಒಂದು ತಿಂಗಳಾದ್ರೂ ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ ಅನ್ನಿಸ್ತು.

ಸಂಪಾದಕರೇ, ನಿಮ್ಮ ಪತ್ರಿಕೇಲಿ ಪ್ರವಾಸದ ಬಗ್ಗೆ ಬರುತ್ತೆ, ನಾನು ತಪ್ಪದೇ ಓದ್ತೀನಿ. ಯಾವ ತಿಂಗಳು ಹೋಗಬೇಕು, ಎಲ್ಲಿ ಉಳೀಬೇಕು, ಯಾವ ಜಾಗದಲ್ಲಿ ಫೋಟೋ ಚೆನ್ನಾಗಿ ಬರುತ್ತೆ ಎಲ್ಲಾ ಇರುತ್ತೆ. ಅದರ ಜೊತೆಗೆ ನನ್ನದೊಂದು ಕೋರಿಕೆ. ತಲುಪೋ ಜಾಗದ ಬಗ್ಗೆ ಬರೆದಷ್ಟೇ ದಾರಿ ಬಗ್ಗೆನೂ ಬರೆಸಿ. ತರೀಕೆರೆ ಹತ್ರ ಬೆಳೆ ಬದಲಾಗೋದು, ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಊರುಗಳು, ಮಂಜು ಬಿದ್ದ ದಿನ ಜೋಗದಲ್ಲಿ ಏನು ಮಾಡಬಹುದು, ಇಂಥದ್ದು ಓದ್ಕೊಂಡು ಹೋದೋರು ಕಾಣಲಿಲ್ಲ ಅಂತ ಹತ್ತು ನಿಮಿಷಕ್ಕೆ ವಾಪಸ್ ಬರಲ್ಲ. ಹಾಗೇ ಯಾವ ಊರಿನ ಬಸ್ ಸ್ಟ್ಯಾಂಡಲ್ಲಿ ಹೆಂಗಸರು ಹೋಗುವಂಥ ಟಾಯ್ಲೆಟ್ ಇದೆ, ಎಲ್ಲಿ ಇಲ್ಲ ಅನ್ನೋದನ್ನೂ ನಿಮ್ಮ ಜಿಲ್ಲಾ ವರದಿಗಾರರ ಕೈಲಿ ಒಂದ್ಸಲ ಬರೆಸಿ, ಊರಿನ ಹೆಸರು ಹಾಕಿ ಬರೆಸಿ. ಚೆನ್ನಾಗಿಟ್ಟಿರೋ ಕಡೆ ಚೆನ್ನಾಗಿದೆ ಅಂತಾನೂ ಬರೀರಿ, ಅಂಥದ್ದೂ ಒಂದು ಸಿಕ್ಕಿತ್ತು ನಮಗೆ, ಅಲ್ಲಿ ಫಿನಾಯಿಲ್ ಹಾಕಿ ತೊಳೀತಿದ್ದ ಹೆಂಗಸಿಗೆ ಅಮ್ಮ ನಿಂತು ಥ್ಯಾಂಕ್ಸ್ ಹೇಳಿ ಬಂದ್ರು.

ವಾಪಸ್ ಬಂದ ಮೇಲೆ ಅಮ್ಮ ಊರಲ್ಲಿ ಎಲ್ಲರಿಗೂ ಹೇಳಿದ ಕಥೇಲಿ ಜೋಗ ಬರೋದು ಎರಡನೇ ಭಾಗದಲ್ಲಿ. ಮೊದಲು ಬರೋದು ಆ ಹೆಂಚಿನ ಮನೆ, ಕಷಾಯ, ಕಂಬಳಿಕೊಪ್ಪೆ. ಕಷಾಯದ ಪುಡಿ ಹೇಗೆ ಮಾಡೋದು ಅಂತ ಕೇಳ್ಕೊಂಡು ಬಂದಿದ್ರು, ಈಗ ನಮ್ಮನೇಲಿ ಸಂಜೆ ಅದೇ. ಆ ಮನೆಯಾಕೆ ನಂಬರ್ ಕೂಡ ತಗೊಂಡಿದಾರೆ, ವಾರಕ್ಕೊಂದ್ಸಲ ಫೋನ್, ಅಡಿಕೆ ರೇಟು ಎಷ್ಟಾಯ್ತು, ಕೊಬ್ಬರಿ ಎಷ್ಟಾಯ್ತು ಅಂತ.

ಮೊನ್ನೆ ತಿಪಟೂರಿಗೆ ಹೋದಾಗ ರೋಡ್ ದಾಟ್ತಾ ಮಧ್ಯದಲ್ಲೇ ನಿಂತು ಬಲಗಡೆ ಎಡಗಡೆ ನೋಡಿ, ಇನ್ನೂ ಜೋಗದ ತನಕ ಆಯ್ತು, ಅಲ್ಲಿಂದ ಹೊನ್ನಾವರ ಎಷ್ಟು ದೂರ ಅಂದ್ರು. ಅರವತ್ತು ಕಿಲೋಮೀಟರ್ ಆಸುಪಾಸು, ಘಾಟಿ ಇಳಿಬೇಕು, ಶರಾವತಿ ಅಲ್ಲೇ ಸಮುದ್ರ ಸೇರೋದು ಅಂದೆ. ಹಿಂದೆ ಲಾರಿ ಹಾರ್ನ್ ಹೊಡೀತಿತ್ತು, ಕೈ ಹಿಡಿದು ಎಳ್ಕೊಂಡು ಬಂದೆ. ದಸರಾ ರಜೆಗೆ ಹೊರಡ್ತಿದ್ದೀವಿ, ಕೊಬ್ಬರಿ ಬೆಲ್ಲಕ್ಕೆ ಅಂತ ಆಗಲೇ ಎರಡು ಡಬ್ಬ ತೊಳೆದು ಬಿಸಿಲಿಗೆ ಇಟ್ಟಿದಾರೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಓದುಗರಲ್ಲಿ ಒಬ್ಬಳು, ತಿಪಟೂರು ತಾಲೂಕು